ಮಿಸಿಸಾಗದ ಗಾಂಜಾ ಅಂಗಡಿ: ಲೇಬಲ್‌ಗೆ ಪೂರ್ತಿ ಅಂಕ, ಕೌಂಟರ್‌ಗೆ ಅಷ್ಟಿಲ್ಲ

ಗಾಂಜಾಕ್ಕೆ ಕಾನೂನಿನ ಒಪ್ಪಿಗೆ ಇರಬೇಕಾ ಬೇಡವಾ ಅನ್ನೋ ಮಾತು ಎತ್ತಿದರೆ ಸಾಕು, ಕೆನಡಾದ ಒಂಟಾರಿಯೋ ಪ್ರಾಂತ್ಯದ ನಮ್ಮ ಮಿಸಿಸಾಗ ನಗರದ ಕನ್ನಡಿಗರ ಊಟದ ಮನೆಗಳಲ್ಲಿ ರಾತ್ರಿ ಹನ್ನೆರಡಾದರೂ ಜಗಳ ಮುಗಿಯೋದಿಲ್ಲ. ಒಬ್ಬರು ಭಂಗಿ, ಶಿವರಾತ್ರಿ, ಸಾಧುಗಳು ಅನ್ನುತ್ತಾರೆ. ಇನ್ನೊಬ್ಬರು ಮಕ್ಕಳು ಹಾಳಾಗುತ್ತಾರೆ ಅನ್ನುತ್ತಾರೆ. ಕೆನಡಾದಲ್ಲಿ ಕಾನೂನು ಬದಲಾಗಿದ್ದು 2018ರ ಅಕ್ಟೋಬರ್ 17ಕ್ಕೆ. ಈಗ ಅಂಗಡಿಗಳೇ ಕಣ್ಣ ಮುಂದೆ ಇವೆ. ಅವು ಹೇಗೆ ನಡೆಯುತ್ತಿವೆ ಅಂತ ನೋಡಿದರೆ ಆ ಜಗಳಕ್ಕೂ ಸ್ವಲ್ಪ ಉತ್ತರ ಸಿಗುತ್ತೆ. ಅದಕ್ಕೇ ನಮ್ಮ ಮನೆ ಹತ್ತಿರದ, ನಾನು ಆಗಾಗ ಹೋಗುವ ಲೈಸೆನ್ಸ್ ಇರುವ ಅಂಗಡಿಯ ಬಗ್ಗೆ ಬರೆಯುತ್ತಿದ್ದೇನೆ. ದೂರೂ ಇದೆ, ಹಾಗಾಗಿ ಹೆಸರು ಹಾಕುತ್ತಿಲ್ಲ.

ಮಿಸಿಸಾಗಕ್ಕೆ ಈ ಅಂಗಡಿಗಳು ತಡವಾಗಿ ಬಂದವು. ಒಂಟಾರಿಯೋದಲ್ಲಿ ಮೊದಲ ಖಾಸಗಿ ಅಂಗಡಿಗಳು ತೆರೆದದ್ದು 2019ರ ಏಪ್ರಿಲ್‌ನಲ್ಲಿ. ನಮ್ಮ ನಗರಸಭೆ ಮಾತ್ರ 2018ರ ಕೊನೆಯಲ್ಲೇ ಬೇಡ ಅಂದಿತ್ತು. ಪಕ್ಕದ ಬ್ರಾಂಪ್ಟನ್ ಹೂಂ ಅಂದಿತ್ತು. ಆ ವರ್ಷಗಳಲ್ಲಿ ಮಿಸಿಸಾಗದ ಜನ ಗಾಂಜಾ ಸೇದೋದು ಬಿಟ್ಟರಾ? ಇಲ್ಲ. ಕೆಲವರು ಬ್ರಾಂಪ್ಟನ್ನಿಗೆ ಹೋದರು, ಕೆಲವರು ಆನ್‌ಲೈನಲ್ಲಿ ತರಿಸಿದರು, ಉಳಿದವರು ಲೈಸೆನ್ಸೇ ಇಲ್ಲದವರ ಹತ್ತಿರ ಕೊಂಡರು. ಕೊನೆಗೆ 2023ರ ಏಪ್ರಿಲ್‌ನಲ್ಲಿ ನಗರಸಭೆ ನಿರ್ಧಾರ ಬದಲಿಸಿತು. ನನಗೆ ಅದು ಸರಿ ಅನ್ನಿಸಿತು, ಈಗಲೂ ಅನ್ನಿಸುತ್ತೆ.

ಬಾಗಿಲಲ್ಲಿ ಶಿಸ್ತು ಚೆನ್ನಾಗಿದೆ. 19 ತುಂಬಿರಬೇಕು, ಗುರುತಿನ ಚೀಟಿ ತೋರಿಸಬೇಕು. ಅಪ್ಪ ಅಮ್ಮನ ಜೊತೆ ಬಂದರೂ ಮಕ್ಕಳನ್ನು ಒಳಗೆ ಬಿಡೋದಿಲ್ಲ. ನನ್ನ ತಲೆ ಅರ್ಧ ನೆರೆತಿದೆ, ಆದರೂ ಕೇಳುತ್ತಾರೆ, ಕೇಳಲಿ. ಶಾಲೆಯಿಂದ 150 ಮೀಟರ್ ದೂರ ಇರಬೇಕು ಅನ್ನೋ ನಿಯಮವೂ ಇದೆ. ಒಳಗೆ ಬೆಳಕು ಜಾಸ್ತಿ, ನೆಲ ಚೊಕ್ಕಟ. ನೋಡಲು ಮೊಬೈಲ್ ಅಂಗಡಿ ಥರ ಇದೆ.

ಈಗ ಪ್ಯಾಕೆಟ್ಟಿನ ವಿಷಯ. ನಾನು ಸೇದೋದಿಲ್ಲ, ಯಾವಾಗಲಾದರೂ ವಾರದ ಕೊನೆಗೆ ಒಂದು ಗಮ್ಮಿ, ಅಂದರೆ ಗಾಂಜಾ ಬೆರೆಸಿದ ಅಂಟು ಮಿಠಾಯಿ, ತಿನ್ನುತ್ತೇನೆ. ಸಾದಾ ಬಣ್ಣದ ಪುಟ್ಟ ಚೀಲ. ಮೇಲೆ ಎಂಟು ಮೂಲೆಯ ಕೆಂಪು ಗುರುತು, ಅದರಲ್ಲಿ ಒಂದು ಎಲೆ, ಕೆಳಗೆ ಟಿಎಚ್‌ಸಿ ಅಂತ ಮೂರು ಅಕ್ಷರ, ಅಮಲು ಏರಿಸುವ ಅಂಶ ಅದೇ. ಪಕ್ಕದಲ್ಲಿ ಹಳದಿ ಚೌಕಟ್ಟಿನಲ್ಲಿ ಆರೋಗ್ಯದ ಎಚ್ಚರಿಕೆ, ಇಂಗ್ಲಿಷ್ ಮತ್ತು ಫ್ರೆಂಚ್ ಎರಡರಲ್ಲೂ. ಅಂಚಿನಲ್ಲಿ ಅಬಕಾರಿ ಚೀಟಿ. ಮಕ್ಕಳ ಕೈಗೆ ಬಿಚ್ಚಲಾಗದ ಬಾಯಿ. ಒಂದು ತುಂಡಿನಲ್ಲಿ ಎಷ್ಟು ಮಿಲಿಗ್ರಾಂ, ಇಡೀ ಪ್ಯಾಕೆಟ್ಟಿನಲ್ಲಿ ಎಷ್ಟು ಅಂತ ಬರೆದಿರುತ್ತೆ. ತಿನ್ನುವ ಪದಾರ್ಥದ ಪ್ಯಾಕೆಟ್ಟಿನಲ್ಲಿ ಒಟ್ಟು ಟಿಎಚ್‌ಸಿ 10 ಮಿಲಿಗ್ರಾಂ ದಾಟುವಂತಿಲ್ಲ, ಇದು ದೇಶಕ್ಕೆಲ್ಲ ಒಂದೇ ಕಾನೂನು. ಕೀಟನಾಶಕ, ಬೂಷ್ಟು, ಸೀಸದಂಥ ಲೋಹ ಇದೆಯಾ ಅಂತ ಪರೀಕ್ಷೆ ಆಗಿಯೇ ಮಾಲು ಅಂಗಡಿಗೆ ಬರಬೇಕು. ಸೇದುವವರ ಕೆಲವು ಡಬ್ಬಿಗಳಲ್ಲಿ ಎರಡು ಅಂಕಿ ಇರಬಹುದು, ಟಿಎಚ್‌ಸಿ ಒಂದು, ಒಟ್ಟು ಟಿಎಚ್‌ಸಿ ಇನ್ನೊಂದು. ಮೊದಲನೆಯದು ಚಿಕ್ಕದಾಗಿ ಕಾಣುತ್ತೆ, ಅದನ್ನು ನೋಡಿ ಮೋಸ ಹೋಗಬೇಡಿ. ಬಿಸಿ ಮಾಡಿದ ಮೇಲೆ ಮೈಗೆ ಸೇರೋದು ಎರಡನೆಯದು.

ಈ ಒಂದು ಲೇಬಲ್‌ಗಾಗಿಯೇ ನಾನು ಕಾನೂನಿನ ಪರ. ಬೆಂಗಳೂರಿನಲ್ಲಿ ಹಾಸ್ಟೆಲ್ ಹುಡುಗನ ಕೈಗೆ ಪೊಟ್ಟಣ ಬಂದರೆ ಅದರಲ್ಲಿ ಏನಿದೆ, ಎಷ್ಟು ಗಟ್ಟಿ, ಏನು ಬೆರೆಸಿದ್ದಾರೆ, ಅವನಿಗೂ ಗೊತ್ತಿಲ್ಲ, ಮಾರಿದವನಿಗೂ ಗೊತ್ತಿಲ್ಲ. ಭಾರತದ ಮಾದಕ ವಸ್ತು ಕಾನೂನು, ಅಂದರೆ 1985ರ ಎನ್‌ಡಿಪಿಎಸ್ ಕಾಯ್ದೆ, ಅವನನ್ನು ಹಿಡಿಯುತ್ತೆ, ಆದರೆ ಅವನು ಏನು ತಿಂದ ಅಂತ ಹೇಳೋದಿಲ್ಲ. ಅದೇ ಕಾಯ್ದೆಯ ವ್ಯಾಖ್ಯೆಯಲ್ಲಿ ಹೂವಿನ ತುದಿ ಗಾಂಜಾ, ತುದಿ ಇಲ್ಲದ ಬರೀ ಎಲೆ ಗಾಂಜಾ ಅಲ್ಲ. ಈ ಮಾತನ್ನೂ ಎತ್ತಿ ಕರ್ನಾಟಕ ಹೈಕೋರ್ಟ್ 2022ರಲ್ಲಿ ಎಲೆಯಿಂದ ಮಾಡುವ ಭಂಗಿಯ ಪ್ರಕರಣವೊಂದರಲ್ಲಿ ಜಾಮೀನು ಕೊಟ್ಟಿತು. ಒಂದೇ ಗಿಡ ಅಲ್ವಾ, ತಿನ್ನುವವನಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು?

ಇನ್ನು ದೂರು. ನಾನು ಕೇಳಿದ್ದು ಎರಡೂವರೆ ಮಿಲಿಗ್ರಾಮಿನ ನಾಲ್ಕು ತುಂಡಿನ ಪ್ಯಾಕ್. ಕೌಂಟರ್ ಹುಡುಗ ತೆಗೆದದ್ದು ಹತ್ತು ಮಿಲಿಗ್ರಾಮಿನ ಒಂದೇ ತುಂಡು. "ಬೆಲೆ ಕಡಿಮೆ, ಮನೆಯಲ್ಲಿ ನಾಲ್ಕು ಮಾಡಿಕೊಳ್ಳಿ" ಅಂದ. ಒಳ್ಳೆಯ ಹುಡುಗ, ನಗುಮುಖ, ಆದರೆ ಸಲಹೆ ಪೂರ್ತಿ ತಪ್ಪು. ಅಂಟಂಟಾದ ಗಮ್ಮಿಯನ್ನು ಚಾಕುವಿನಲ್ಲಿ ಕತ್ತರಿಸಿದರೆ ನಾಲ್ಕೂ ಒಂದೇ ಅಳತೆಗೆ ಬರೋದಿಲ್ಲ. ಬಂದರೂ ಟಿಎಚ್‌ಸಿ ಎಲ್ಲ ಕಡೆ ಸಮನಾಗಿ ಹರಡಿರುತ್ತೆ ಅಂತ ಹೇಳೋಕಾಗಲ್ಲ. ಅದಕ್ಕಿಂತ ದೊಡ್ಡದು, ತಿಂದದ್ದು ಯಾವಾಗ ಹತ್ತುತ್ತೆ ಅಂತ ಅವನು ಹೇಳಲೇ ಇಲ್ಲ. ಅರ್ಧ ಗಂಟೆಯೂ ಆಗಬಹುದು, ಎರಡು ಗಂಟೆಯೂ ಆಗಬಹುದು. ಏನೂ ಆಗಲಿಲ್ಲ ಅಂತ ಇನ್ನೊಂದು ತಿಂದು, ಆಮೇಲೆ ಎರಡೂ ಒಟ್ಟಿಗೆ ಏರಿ, ಎದೆ ಢವಢವ ಅಂತ ರಾತ್ರಿಯಿಡೀ ಭಯಪಟ್ಟು ಕೂತವರನ್ನು ನಾನು ನೋಡಿದ್ದೇನೆ. ಹೊಸಬರಿಗೆ ಇಷ್ಟು ಹೇಳಲು ಅರ್ಧ ನಿಮಿಷ ಸಾಕು.

ಇನ್ನೊಂದು ಬೇಸರ, ಅಂಗಡಿಯ ಪರದೆಯ ಮೇಲೆ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಟಿಎಚ್‌ಸಿ ಶೇಕಡಾವಾರು. ಮೇಲಿನ ಸಾಲಲ್ಲಿ 28, 30. ಹದವಾದ ಮಾಲು, ಅಮಲು ಏರಿಸದ ಸಿಬಿಡಿ ಅಂಶ ಜಾಸ್ತಿ ಇರುವ ಮಾಲು, ಎಲ್ಲ ಕೆಳಗೆ ಮೂಲೆಯಲ್ಲಿ. ಪಕ್ಕದ ಕ್ವಿಬೆಕ್ ಪ್ರಾಂತ್ಯದಲ್ಲಿ ಅಂಗಡಿಗಳೆಲ್ಲ ಸರ್ಕಾರದ್ದೇ, ವಯಸ್ಸಿನ ಮಿತಿ 21, ಚಾಕೊಲೇಟ್ ಮಿಠಾಯಿ ಥರದ್ದು ಮಾರೋದೇ ಇಲ್ಲ. ಅಲ್ಲಿಯ ಗೆಳೆಯರು ಆಯ್ಕೆ ಕಡಿಮೆ ಅಂತ ಗೊಣಗುತ್ತಾರೆ. ನನಗೆ ಕ್ವಿಬೆಕ್‌ನ ದಾರಿಯೇ ಮೇಲು ಅನ್ನಿಸುತ್ತೆ. ಒಂಟಾರಿಯೋದಲ್ಲಿ ಗಮ್ಮಿ ತಿಂದ ಚಿಕ್ಕ ಮಕ್ಕಳು ಆಸ್ಪತ್ರೆಗೆ ಬರೋದು ಈ ಕಾನೂನು ಬಂದ ಮೇಲೆ ಜಾಸ್ತಿಯಾಗಿದೆ. ಕಾನೂನಿನ ಪರ ಇರುವವರು ಇದನ್ನು ಮುಚ್ಚಿಡಬಾರದು. ಮಾರಲು ಬಿಡೋದು ಬೇರೆ, ಜಾಸ್ತಿ ಮಾರಲು ಬಿಡೋದು ಬೇರೆ.

ಊರಿಂದ ಅಪ್ಪ ಅಮ್ಮ ಬಂದಿದ್ದರೆ ಗಮ್ಮಿಯನ್ನು ಫ್ರಿಜ್‌ನಲ್ಲಿ ಇಡಲೇಬೇಡಿ. ಮೊಮ್ಮಗುವಿನ ಮಿಠಾಯಿ ಅಂದುಕೊಂಡು ಬಾಯಿಗೆ ಹಾಕಿಕೊಂಡರೆ, ಎಪ್ಪತ್ತರ ಮೈ, ಬಿಪಿ ಮಾತ್ರೆ ಬೇರೆ, ಏನಾಗುತ್ತೋ ಯಾರಿಗೆ ಗೊತ್ತು. ಬೀಗ ಇರುವ ಡಬ್ಬಿ ಇದೇ ಅಂಗಡಿಯಲ್ಲಿ ಸಿಗುತ್ತೆ, ಕೊಳ್ಳಿ.

ಹೊಸದಾಗಿ ಬಂದ ವಿದ್ಯಾರ್ಥಿಗಳು ಮುಖ್ಯವಾಗಿ ಗಮನಿಸಿ. ನಿಮ್ಮಲ್ಲಿ ಬಹಳ ಜನರ ಕೈಯಲ್ಲಿರೋದು ಜಿ2, ಅಂದರೆ ಪೂರ್ತಿ ಡ್ರೈವಿಂಗ್ ಲೈಸೆನ್ಸಿಗೆ ಮೊದಲಿನ ಹಂತದ್ದು. ಒಂಟಾರಿಯೋದಲ್ಲಿ ಜಿ1, ಜಿ2 ಇರುವವರು, ಹಾಗೆಯೇ 21 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರು, ಮೈಯೊಳಗೆ ಗಾಂಜಾದ ಅಂಶ ಇರುವಾಗ ಗಾಡಿ ಓಡಿಸುವ ಹಾಗೇ ಇಲ್ಲ. ಮನೆಯಿಂದ ಹೊರಗೆ ಜೊತೆಯಲ್ಲಿ ಇಟ್ಟುಕೊಳ್ಳಬಹುದಾದದ್ದು ಒಣಗಿದ ಗಾಂಜಾದ ಲೆಕ್ಕದಲ್ಲಿ 30 ಗ್ರಾಂ. ದೇಶದ ಗಡಿ ದಾಟಿಸಿದರೆ ಅಪರಾಧ, ಅಮೆರಿಕದಲ್ಲಿ ಕಾನೂನು ಒಪ್ಪಿದ ರಾಜ್ಯಕ್ಕೆ ಹೋದರೂ ಅಪರಾಧವೇ. ಬೆಂಗಳೂರಿಗೆ ಹೋಗುವಾಗ ಸುಮ್ನೆ ಬ್ಯಾಗಿನ ಜೇಬಲ್ಲಿ ಒಂದು ಗಮ್ಮಿ ಉಳಿದಿದ್ದರೂ ಎನ್‌ಡಿಪಿಎಸ್ ಕೇಸಾಗಬಹುದು. ಇಲ್ಲಿಯ ರಸೀದಿ ತೋರಿಸಿದರೂ ಅಲ್ಲಿ ಯಾರೂ ಒಪ್ಪೋದಿಲ್ಲ. ಹೊರಡುವ ಮುಂಚೆ ಜೇಬೆಲ್ಲ ತಡಕಿ ನೋಡಿ.

ಅಂಗಡಿಗೆ ಐದಕ್ಕೆ ಮೂರು ಕೊಡುತ್ತೇನೆ. ಬಾಗಿಲಿನ ಶಿಸ್ತಿಗೆ, ಸರಕಿನ ಗುಣಕ್ಕೆ ಇನ್ನೂ ಜಾಸ್ತಿ ಕೊಡಬಹುದಿತ್ತು. ಸಲಹೆಯ ವಿಷಯದಲ್ಲಿ ಕಳೆದೆ. ಮೊದಲ ಸಲ ಹೋಗುವವರು ಎರಡೂವರೆಯ ಪ್ಯಾಕೇ ಕೇಳಿ, ಬೇರೆ ತೋರಿಸಿದರೆ ಬೇಡ ಅನ್ನಿ, ಒಂದು ತಿಂದು ನಾಲ್ಕು ಗಂಟೆ ಕಾಯಿರಿ, ಅವತ್ತು ಕಾರಿನ ಕೀಲಿ ಬೇರೆಯವರ ಕೈಗೆ ಕೊಟ್ಟಿರಿ.