ಕುಸಿದ ಬೆನ್ನುಮೂಳೆಗೆ ವರ್ಟಿಬ್ರೋಪ್ಲಾಸ್ಟಿಯೋ, ಕೈಫೋಪ್ಲಾಸ್ಟಿಯೋ?

ಮೂಳೆಗಳು ಟೊಳ್ಳಾಗಿ ದುರ್ಬಲಗೊಳ್ಳುವ ಆಸ್ಟಿಯೊಪೊರೋಸಿಸ್‌ನಿಂದ ಬೆನ್ನುಮೂಳೆ ಕುಸಿದ ಹಿರಿಯರನ್ನು ಯಾದಗಿರಿ, ಬೀದರ್ ಕಡೆಯಿಂದ ಕಲಬುರಗಿಯ ಆಸ್ಪತ್ರೆಗೆ ಕರೆತರುವ ಮನೆಯವರ ಮುಂದೆ ಸಾಮಾನ್ಯವಾಗಿ ಈ ಎರಡು ಚಿಕಿತ್ಸೆಗಳ ಹೆಸರುಗಳು ಬರುತ್ತವೆ. ವರ್ಟಿಬ್ರೋಪ್ಲಾಸ್ಟಿಯಲ್ಲಿ ಚರ್ಮದ ಮೂಲಕ ಸೂಜಿ ತೂರಿಸಿ, ಮುರಿದ ಕಶೇರುಕದೊಳಗೆ (ಬೆನ್ನುಮೂಳೆಯ ಮಣಿಯೊಳಗೆ) ಮೂಳೆಗೆಂದೇ ಇರುವ ಸಿಮೆಂಟನ್ನು ನೇರವಾಗಿ ತುಂಬುತ್ತಾರೆ. ಕೈಫೋಪ್ಲಾಸ್ಟಿಯಲ್ಲಿ ಮೊದಲು ಪುಟ್ಟ ಬಲೂನನ್ನು ಉಬ್ಬಿಸಿ, ಕುಸಿದ ಭಾಗವನ್ನು ತುಸು ಮೇಲೆತ್ತಿ, ಹಾಗೆ ಉಂಟಾದ ಪೊಳ್ಳಿಗೆ ಮಂದವಾದ ಸಿಮೆಂಟನ್ನು ಕಡಿಮೆ ಒತ್ತಡದಲ್ಲಿ ಸೇರಿಸುವುದರಿಂದ ಸೋರಿಕೆಯ ಸಾಧ್ಯತೆ ಕಡಿಮೆ, ಖರ್ಚು ಮಾತ್ರ ಹೆಚ್ಚು. ನೋವಿನ ಉಪಶಮನದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲದ ಕಾರಣ, ಗೂನು ತೀವ್ರವಾಗಿರದಿದ್ದರೆ ಬಲೂನಿಗಾಗಿ ಹೆಚ್ಚು ಹಣ ತೆರುವುದು ಅಗತ್ಯವೆಂದು ನನಗನಿಸುವುದಿಲ್ಲ. 2009ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಲ್ಲಂತೂ ವರ್ಟಿಬ್ರೋಪ್ಲಾಸ್ಟಿಯು ತೋರಿಕೆಯ ಚಿಕಿತ್ಸೆಗಿಂತ (ಸಿಮೆಂಟ್ ತುಂಬದೆ, ತುಂಬಿದಂತೆ ನಟಿಸುವುದಕ್ಕಿಂತ) ಮೇಲೆನಿಸಲಿಲ್ಲ. ಬಹಳಷ್ಟು ಮಂದಿಗೆ ಕೆಲವು ವಾರಗಳ ಔಷಧ, ಬೆಲ್ಟಿನಿಂದಲೇ ನೋವು ತಗ್ಗುತ್ತದೆ. ಎಂಆರ್‌ಐನಲ್ಲಿ ಮುರಿತ ಹೊಸದೆಂದು ಕಂಡಿದೆಯೇ ಎಂಬುದನ್ನು ವೈದ್ಯರಿಂದ ಮೊದಲೇ ಕೇಳಿ ತಿಳಿಯಬೇಕು. ಯಾವುದನ್ನು ಆರಿಸಿದರೂ ಮೂಳೆ ಗಟ್ಟಿಗೊಳಿಸುವ ಔಷಧ ಪ್ರತ್ಯೇಕವಾಗಿ ಬೇಕೇ ಬೇಕು.