ಮಳೆಗಾಲಕ್ಕೆ ಟ್ರೆಡ್‌ಮಿಲ್, ಉಳಿದ ದಿನಕ್ಕೆ ರತ್ನಗಿರಿ ಬೋರೆ: ಮೂರು ವರ್ಷ ಬಳಸಿದ ಮೇಲೆ

ಚಿಕ್ಕಮಗಳೂರಿನಲ್ಲಿ ಇದ್ದುಕೊಂಡು ಟ್ರೆಡ್‌ಮಿಲ್ ಯಾಕೆ, ಹೊರಗೆ ಇಷ್ಟು ಒಳ್ಳೆ ಗಾಳಿ ಇದೆಯಲ್ಲ ಎಂದು ಕೇಳದ ನೆಂಟರಿಲ್ಲ. ಕಾರಣ ಮಳೆ. ನನ್ನ ತೂಕ 84 ಕೆಜಿ ಇದ್ದಾಗ ಎರಡು ವರ್ಷ ಒಂದೇ ರೀತಿ ಆಯಿತು. ಯುಗಾದಿ ಹೊತ್ತಿಗೆ ವಾಕಿಂಗ್ ಶುರು, ಮೇ ಕೊನೆಗೆ ಮೂರು ಕೆಜಿ ಇಳಿಕೆ. ಆರಿದ್ರಾ ಮಳೆ ಹಿಡಿಯುತ್ತಲೇ ವಾಕಿಂಗ್ ನಿಲ್ಲುತ್ತಿತ್ತು. ದಸರೆ ಬರುವಷ್ಟರಲ್ಲಿ ಇಳಿದ ತೂಕವೆಲ್ಲ ಮತ್ತೆ ಮೈಗೆ ಬಂದಿರುತ್ತಿತ್ತು. 2022ರ ಮೇನಲ್ಲಿ 48 ಸಾವಿರ ಕೊಟ್ಟು ಯಂತ್ರ ತಂದೆವು. ಈಗ 72 ಕೆಜಿ ಇದ್ದೇನೆ.

"ಬೆಲ್ಟ್ ತಾನೇ ಓಡುತ್ತೆ, ನೀನು ಕಾಲು ಎತ್ತಿಟ್ಟರೆ ಸಾಕು, ಅದರಲ್ಲಿ ಏನು ಕರಗುತ್ತಮ್ಮ?" ಎಂದು ಭಾವ ಕೇಳಿದ್ದರು. ನನಗೂ ಅದೇ ಅನುಮಾನವಿತ್ತು. ಆದರೆ ಒಂದೇ ವೇಗದಲ್ಲಿ, ಸಮತಟ್ಟಾಗಿ ನಡೆದರೆ ರಸ್ತೆಗೂ ಯಂತ್ರಕ್ಕೂ ಖರ್ಚಾಗುವ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಎದುರು ಗಾಳಿಯ ತಡೆ ಲೆಕ್ಕಕ್ಕೆ ಬರುವುದು ಜೋರಾಗಿ ಓಡುವವರಿಗೆ. ನಿಜವಾದ ವ್ಯತ್ಯಾಸ ಇರುವುದು ಏರಿನಲ್ಲಿ. 80 ಕೆಜಿ ತೂಕದವರು ಗಂಟೆಗೆ 5 ಕಿಮೀ ವೇಗದಲ್ಲಿ 40 ನಿಮಿಷ ಸಮತಟ್ಟಿನಲ್ಲಿ ನಡೆದರೆ ಸುಮಾರು 190 ಕ್ಯಾಲೊರಿ. ಅದೇ ವೇಗ, ಅದೇ ಹೊತ್ತು, ಇಂಕ್ಲೈನ್, ಅಂದರೆ ಬೆಲ್ಟಿನ ಏರು, 5 ಶೇಕಡಾ ಇಟ್ಟರೆ 310ರ ಹತ್ತಿರ. ಹಾಗಾಗಿ ಕೊಳ್ಳುವವರಿಗೆ ನನ್ನ ಮೊದಲ ಮಾತು: ಇಂಕ್ಲೈನ್ ಇಲ್ಲದ ಯಂತ್ರ ಬೇಡ. ಪರದೆ ದೊಡ್ಡದಿದೆಯಾ, ಸ್ಪೀಕರ್ ಇದೆಯಾ ಎಂದು ನೋಡುವ ಮೊದಲು ಅದನ್ನು ಕೇಳಿ. ಮೋಟಾರಿನ ಮೇಲೆ ಬರೆದ ಎಚ್‌ಪಿ ಪೀಕ್‌ನದ್ದೋ (ಒಂದು ಕ್ಷಣ ಮುಟ್ಟುವ ಗರಿಷ್ಠ), ಸತತವಾಗಿ ಓಡುವಾಗಿನದ್ದೋ ಎಂಬುದನ್ನೂ ಕೇಳಿ. ದೊಡ್ಡಕ್ಷರದಲ್ಲಿ ಇರುವುದು ಸಾಮಾನ್ಯವಾಗಿ ಪೀಕ್.

ಇಂಕ್ಲೈನ್ ಇದ್ದೂ ಮೊದಲ ಮಳೆಗಾಲ ನಾನು ವ್ಯರ್ಥ ಮಾಡಿದೆ. ಪರದೆಯಲ್ಲಿ ದಿನಾ 300 ದಾಟುತ್ತಿತ್ತು, ತೂಕ ಮಾತ್ರ ಅಲುಗಲಿಲ್ಲ. ಒಂದು ದಿನ ಮಗಳು ಪಕ್ಕದಿಂದ ವಿಡಿಯೋ ಮಾಡಿ ತೋರಿಸಿದಳು. ಎರಡೂ ಕೈಯಲ್ಲಿ ಮುಂದಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದು, ಮೈಯನ್ನು ಹಿಂದಕ್ಕೆ ವಾಲಿಸಿ ನಡೆಯುತ್ತಿದ್ದೇನೆ. ಬೆಲ್ಟ್ ಎಷ್ಟು ಏರಿತ್ತೋ ನಾನು ಅಷ್ಟೇ ಹಿಂದಕ್ಕೆ ವಾಲಿದ್ದೆ. ಭಾರವೆಲ್ಲ ತೋಳಿನ ಮೇಲೆ, ಏರು ಹತ್ತಿದ ಹಾಗೆಯೇ ಆಗಿರಲಿಲ್ಲ. ನಾವು ಹಿಡಿಕೆಗೆ ಜೋತುಬಿದ್ದಿದ್ದೇವೆ ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ, ವೇಗ ಮತ್ತು ಏರು ನೋಡಿ ಲೆಕ್ಕ ಹಾಕಿ ತೋರಿಸುತ್ತದೆ. ಕೈ ಬಿಟ್ಟ ದಿನ 5ರ ವೇಗ ತಡೆಯಲಾಗದೆ 4.2ಕ್ಕೆ ಇಳಿಸಬೇಕಾಯಿತು. ಹತ್ತು ನಿಮಿಷಕ್ಕೆ ಬೆನ್ನು ಒದ್ದೆ. ತೂಕ ಇಳಿಯತೊಡಗಿದ್ದು ಅಲ್ಲಿಂದ.

ಊಟವನ್ನೂ ಸೇರಿಸಿ ಹೇಳಬೇಕು. ಒಂದು ಕೆಜಿ ಕೊಬ್ಬು ಎಂದರೆ ಸುಮಾರು 7,700 ಕ್ಯಾಲೊರಿ. ತುಪ್ಪ ಸವರಿದ ಎರಡು ಅಕ್ಕಿರೊಟ್ಟಿ ತಿಂದರೆ ಸಮತಟ್ಟಿನ 40 ನಿಮಿಷ ಅಲ್ಲಿಗೇ ಮುಗಿಯಿತು. ರಾತ್ರಿಯ ರೊಟ್ಟಿ ಒಂದಕ್ಕೆ ಇಳಿಸಿದೆ, ಕಾಫಿಗೆ ಸಕ್ಕರೆ ಬಿಟ್ಟೆ. ಅಷ್ಟು ಮಾಡದೆ ಬರೀ ನಡೆದಿದ್ದರೆ 72ಕ್ಕೆ ಬರುತ್ತಿರಲಿಲ್ಲ.

ಅಕ್ಟೋಬರ್ ಬಂದು ಮಳೆ ಬಿಟ್ಟರೆ ನಾನು ಯಂತ್ರಕ್ಕೆ ಹೊದಿಕೆ ಹಾಕಿ ನಮ್ಮೂರ ಗುಡ್ಡ ರತ್ನಗಿರಿ ಬೋರೆಗೆ ಹೋಗುತ್ತೇನೆ. ಮೊದಲ ವರ್ಷ ಅಲ್ಲೊಂದು ಪಾಠವಾಯಿತು. ನಾಲ್ಕು ತಿಂಗಳು ದಿನವೂ ಏರು ನಡೆದಿದ್ದೇನೆ ಎಂಬ ಧೈರ್ಯದಲ್ಲಿ ಬೋರೆ ಹತ್ತಿದೆ, ಸಲೀಸಾಗಿತ್ತು. ಇಳಿದು ಬಂದ ಮಾರನೇ ದಿನ ತೊಡೆ ಹಿಡಿದುಕೊಂಡು, ಎರಡು ದಿನ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು. ಮನೆಯ ಯಂತ್ರದಲ್ಲಿ ಏರು ಇದೆ, ಇಳಿಜಾರು ಇಲ್ಲ. ಇಳಿಯುವಾಗ ಬ್ರೇಕ್ ಹಿಡಿಯುವುದು ತೊಡೆಯ ಸ್ನಾಯು, ಅದಕ್ಕೆ ನಾಲ್ಕು ತಿಂಗಳು ಕೆಲಸವೇ ಇರಲಿಲ್ಲ. ಈಗ ಮೊದಲ ವಾರ ಅರ್ಧ ಬೋರೆಯಷ್ಟೇ. ಮಾರ್ಚ್‌ನಲ್ಲಿ ಹದವಾದ ಮಳೆ ಬಿದ್ದು ಕಾಫಿ ಹೂವಾದ ವಾರ ಗಾಳಿಯೇ ಘಮ್ಮೆನ್ನುತ್ತದೆ, ಮೋಡವಿಲ್ಲದ ಬೆಳಿಗ್ಗೆ ಚಂದ್ರದ್ರೋಣ ಬೆಟ್ಟಗಳ ಸಾಲು ಕಣ್ಣ ಮುಂದೆ. ಒಂದು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಯಂತ್ರದ ಮೇಲೆ ಹನ್ನೆರಡನೇ ನಿಮಿಷಕ್ಕೇ ಗಡಿಯಾರ ನೋಡುತ್ತೇನೆ.

ಇನ್ನು ಯಂತ್ರದ ತೊಂದರೆಗಳು. ನಮ್ಮ ಥಂಡಿಗೆ ಎರಡನೇ ವರ್ಷವೇ ಬೋಲ್ಟ್‌ಗಳು ತುಕ್ಕು ಹಿಡಿದವು. ಗೋಡೆಯಿಂದ ದೂರ ಇಟ್ಟು, ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಬೆಲ್ಟ್ ಗಕ್ಕನೆ ನಿಲ್ಲುತ್ತದೆ. ನಮ್ಮ ಮನೆಯ ಇನ್ವರ್ಟರ್ ಅದನ್ನು ಎಳೆಯುವುದಿಲ್ಲ, ವೋಲ್ಟೇಜ್ ಏರಿಳಿತಕ್ಕೆ ಸ್ಟೆಬಿಲೈಸರ್ ಬೇರೆ ಹಾಕಿಸಿದೆವು. ಒಮ್ಮೆ ಬೆಲ್ಟ್ ಎಡಕ್ಕೆ ಸರಿಯತೊಡಗಿತು. ಕಂಪನಿಯ ಸರ್ವೀಸ್‌ನವರಿಗೆ ಫೋನ್ ಮಾಡಿ 23 ದಿನ ಕಾದೆ. ಬಂದವರು ಮಾಡಿದ್ದು ಇಷ್ಟೇ: ಅಲೆನ್ ಕೀ ತೆಗೆದುಕೊಂಡು ಹಿಂದಿನ ಎಡ ಬೋಲ್ಟನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿದರು. ಕೀ ಯಂತ್ರದ ಜೊತೆಯಲ್ಲೇ ಬಂದಿತ್ತು, ಯಾರೂ ಹೇಳಿಕೊಟ್ಟಿರಲಿಲ್ಲ. ಈಗ ಅದನ್ನೂ, ಬೆಲ್ಟ್ ಅಡಿಗೆ ಸಿಲಿಕೋನ್ ಎಣ್ಣೆ ಬಿಡುವುದನ್ನೂ ನಾನೇ ಮಾಡುತ್ತೇನೆ.

ಈ ಮಳೆಗಾಲ 71 ವರ್ಷದ ಅತ್ತೆಯವರೂ ಹತ್ತಿದ್ದಾರೆ. ಎಳೆದರೆ ಬೆಲ್ಟ್ ನಿಲ್ಲಿಸುವ ಸುರಕ್ಷತೆಯ ಕ್ಲಿಪ್ ಸೀರೆಯ ಸೆರಗಿಗೆ, ವೇಗ 2, ಏರು ಸೊನ್ನೆ, ಹತ್ತು ನಿಮಿಷ. ಅವರು ಎರಡೂ ಕೈಯಲ್ಲಿ ಹಿಡಿಕೆ ಹಿಡಿದೇ ನಡೆಯುತ್ತಾರೆ. ಅವರಿಗೆ ಮಾತ್ರ ಕೈ ಬಿಡಿ ಎಂದು ನಾನು ಹೇಳುವುದಿಲ್ಲ.