ಮಂಗಳೂರಲ್ಲಿ ಮನೆ ಮಾರುವವರೇ, ಬ್ರೋಕರ್ ಕೈಗೆ ಕೀ ಕೊಡುವ ಮೊದಲು ಇದನ್ನು ಓದಿ

ಬೀಗ ಹಾಕಿದ ಮನೆ ಮಾರಾಟಕ್ಕೆ ಉಂಟಾ? ಅದರ ಕೀ ಬ್ರೋಕರ್ ಕೈಯಲ್ಲಿ ಉಂಟಾ? ಹಾಗಾದರೆ ಇವತ್ತೇ ವಾಪಸ್ ತೆಗೆದುಕೊಳ್ಳಿ. ಉಳಿದದ್ದನ್ನು ಆಮೇಲೆ ಓದಿ.

ಇದು ಶಕ್ತಿನಗರ ಕಡೆ ಇರುವ ನಮ್ಮ ಚಿಕ್ಕಮ್ಮನ ಮನೆಯ ವಿಷಯ. 8 ಸೆಂಟ್ಸ್ ಜಾಗ, ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ರೆಡ್ ಆಕ್ಸೈಡ್ ನೆಲ, ಹಿಂದೆ ಬಾವಿ. ಚಿಕ್ಕಮ್ಮ ಈಗ ಮಗನ ಜೊತೆ ಉಡುಪಿಯಲ್ಲಿದ್ದಾರೆ. ಬೆಲೆ 85 ಲಕ್ಷ, ಬ್ರೋಕರಿಗೆ 2 ಪರ್ಸೆಂಟ್, ಒಂದು ಕೀ ಅವರ ಕೈಗೆ ಎಂದು ಮಾತಾಗಿತ್ತು. ಶರ್ತ ಇಷ್ಟೇ: ಪಾರ್ಟಿಯನ್ನು ಕರೆದುಕೊಂಡು ಹೋಗುವ ಮುಂಚೆ ಒಂದು ಫೋನ್, ಬೀಗ ಹಾಕಿದ ಮೇಲೆ ಒಂದು ಫೋನ್. ಆಟಿ ತಿಂಗಳು (ಮಳೆಗಾಲದ ತುಳು ತಿಂಗಳು, ಶುಭಕಾರ್ಯ ಮಾಡುವ ಕ್ರಮ ಇಲ್ಲ; ಅದು ಮುಗಿದ ಮೇಲೆ ಸೋಣ) ಶುರುವಾದಾಗ ಕೀ ವಾಪಸ್ ಕೇಳಿದೆವು. "ಆಟಿಯಲ್ಲಿ ಯಾರು ಅಕ್ಕ ಮನೆ ನೋಡ್ಲಿಕ್ಕೆ ಬರುದು? ಕೀ ನನ್ನತ್ರವೇ ಇರ್ಲಿ, ಸೋಣ ಬಂದ ಮೇಲೆ ನೋಡುವ" ಎಂದರು. ಊರಿನ ಕ್ರಮ ಹಾಗೆಯೇ ಇರುವುದರಿಂದ ನಂಬುವ ಮಾತೇ.

ಆಟಿಯಲ್ಲೇ ಪಕ್ಕದ ಮನೆಯವರ ಫೋನ್ ಬಂತು. "ನಿಮ್ಮ ಬಾವಿಯ ನೆಟ್ ತೆಗೆದು ಬದಿಗೆ ಹಾಕಿದ್ದಾರೆ, ಮಕ್ಕಳು ಅಲ್ಲೇ ಆಡ್ತಾ ಇದ್ದಾರೆ, ನೀವು ಗೊತ್ತಿದ್ದೇ ಮಾಡಿದ್ದಾ?"

ಹೋಗಿ ನೋಡಿದರೆ ಪಡುಬದಿಯ ಕಿಟಕಿ ಎರಡೂ ಹಾರುಹೊಡೆದಿದ್ದವು. ಕರಾವಳಿಯ ಮಳೆ ಮೇಲಿಂದ ಮಾತ್ರ ಬೀಳುವುದಲ್ಲ, ಪಡುಗಾಳಿಯ ಜೊತೆ ಅಡ್ಡಕ್ಕೆ ಹೊಡೆಯುತ್ತದೆ. ಕೋಣೆಯ ನೆಲದಲ್ಲಿ ನೀರು ನಿಂತಿತ್ತು. ಮರದ ಮಂಚದ ನಾಲ್ಕು ಕಾಲೂ ಬುಡದಲ್ಲಿ ಕಪ್ಪಾಗಿ, ಮೇಲೆ ಹತ್ತಿಯ ಹಾಗೆ ಬೂಷ್ಟು ಹಿಡಿದಿತ್ತು. ಕಿಟಕಿಯ ಬಾಗಿಲು ನೀರು ಕುಡಿದು ಉಬ್ಬಿ, ಎಳೆದರೂ ಚೌಕಟ್ಟಿನೊಳಗೆ ಕೂರುವುದಿಲ್ಲ. ಈಗ ಆಚಾರಿಯನ್ನು ಕರೆಸಿ ಕೀಸಬೇಕು, ಬೇಸಗೆಯಲ್ಲಿ ಮರ ಒಣಗಿದಾಗ ಅಲ್ಲೇ ಸಂದು ಬೀಳುತ್ತದೆ.

ಮುಚ್ಚಿದ ಮನೆಗೆ ಪಾರ್ಟಿ ಬರುವಾಗ ಕಿಟಕಿ ತೆರೆಯಲೇಬೇಕು, ಇಲ್ಲದಿದ್ದರೆ ತೇವದ ವಾಸನೆಗೆ ಯಾರೂ ಒಳಗೆ ನಿಲ್ಲುವುದಿಲ್ಲ. ತೆರೆದದ್ದಕ್ಕೆ ಸಿಟ್ಟಿಲ್ಲ, ಮುಚ್ಚದೆ ಹೋದದ್ದಕ್ಕೆ ಸಿಟ್ಟು. ಫ್ಯಾನ್ ತೋರಿಸಲಿಕ್ಕೆ ಹಾಕಿದ ಮೇನ್ ಸ್ವಿಚ್ ಹಾಗೆಯೇ ಇತ್ತು, ಸಿಡಿಲಿನ ಊರಿನಲ್ಲಿ ಬೀಗ ಹಾಕಿದ ಮನೆಯ ಮೇನ್ ಆನ್ ಇಟ್ಟು ಹೋಗುವುದು ಎಂತಹ ಜವಾಬ್ದಾರಿ? ನಳ್ಳಿಯದ್ದು ಇನ್ನೊಂದು. ಮನೆ ನೋಡಲು ಬಂದವರೆಲ್ಲ ನಳ್ಳಿ ತಿರುಗಿಸಿ ನೋಡುತ್ತಾರೆ. ಟ್ಯಾಂಕ್ ಖಾಲಿ ಇದ್ದರೆ ನೀರು ಬರುವುದಿಲ್ಲ, ನೀರು ಬಾರದ ನಳ್ಳಿಯನ್ನು ಮುಚ್ಚುವ ನೆನಪು ಯಾರಿಗೂ ಆಗುವುದಿಲ್ಲ. ಆಮೇಲೆ ಪಂಪ್ ಹಾಕಿದವರು ಟ್ಯಾಂಕ್ ತುಂಬಿತು ಎಂದುಕೊಂಡು ಹೋದರೆ, ಒಳಗೆ ಬಚ್ಚಲಲ್ಲಿ ಎಲ್ಲ ನೀರೂ ಹರಿದು ಹೋಗುತ್ತದೆ. ಇಲ್ಲೂ ಅದೇ ಆದದ್ದು. ಬಾವಿ ತೋರಿಸುವಾಗ ನೆಟ್ ಸರಿಸುತ್ತಾರೆ, ನೀರು ಎಷ್ಟುಂಟು ಎಂದು ಬಗ್ಗಿ ನೋಡಿಸುತ್ತಾರೆ, ಪಾರ್ಟಿ ಕಾರಿನ ಕಡೆ ಹೊರಟ ಕೂಡಲೇ ಇವರೂ ಹಿಂದೆಯೇ ಓಡುತ್ತಾರೆ. ಆ ಬಾವಿಗೆ ಒಂದು ಮಗು ಬಿದ್ದಿದ್ದರೆ?

ಬ್ರೋಕರಿಗೆ ಫೋನ್ ಮಾಡಿದಾಗ ಬಂದ ಉತ್ತರ ಇದು: "ಅದು ನಾನಲ್ಲ ಅಕ್ಕ, ನಮ್ಮ ಹುಡುಗ ಹೋಗಿದ್ದು."

ಯಾವ ಹುಡುಗ? "ನಮ್ಮವರೇ, ನೀವು ಟೆನ್ಷನ್ ಮಾಡ್ಬೇಡಿ."

ಅವನ ಕೈಗೆ ಕೀ ಹೇಗೆ ಹೋಯಿತು? "ಕೀ ಸಿಟೌಟಲ್ಲಿ ಹೂವಿನ ಚಟ್ಟಿ ಅಡಿಯಲ್ಲಿ ಇಟ್ಟಿದ್ದೇನಲ್ಲ. ಎಲ್ಲರಿಗೂ ಅನುಕೂಲ."

ಎಲ್ಲರಿಗೂ ಅನುಕೂಲ! ಎಲ್ಲರಿಗೂ ಎಂದರೆ ಯಾರಿಗೆಲ್ಲ? ಆ ಪ್ರಶ್ನೆಗೆ ಇವತ್ತಿನವರೆಗೂ ಉತ್ತರ ಇಲ್ಲ. ಒಬ್ಬ ಬ್ರೋಕರಿಗೆ ಹೇಳಿದ ಮನೆ ವಾಟ್ಸಾಪ್‌ನಲ್ಲಿ ಸಬ್ ಬ್ರೋಕರುಗಳಿಗೆ ಹೋಗುತ್ತದೆ, ಇಲ್ಲಿನ ವ್ಯವಹಾರ ಹಾಗೇ, ಎಲ್ಲರಿಗೂ ಗೊತ್ತಿರುವುದೇ. ಆದರೆ ಮನೆಯ ವಿವರ ಹೋಗುವುದು ಬೇರೆ, ಮನೆಯ ಕೀ ಹೋಗುವುದು ಬೇರೆ. ದೇವರ ಕೋಣೆಯ ದೀಪ, ಕಪಾಟು, ಹಿಂಬಾಗಿಲಿನ ಚಿಲಕ ಎಲ್ಲ ಸೇರಿಸಿ ಫೋಟೋ ಹೊಡೆದು ಗ್ರೂಪಿಗೆ ಹಾಕಿದ್ದರು. ಖಾಲಿ ಮನೆ, ಕೀ ಚಟ್ಟಿಯ ಅಡಿಯಲ್ಲಿ, ಒಳಗೆ ಏನೇನು ಉಂಟು ಎಂಬುದು ಫೋಟೋದಲ್ಲಿ. ಕಳ್ಳನಿಗೆ ಇನ್ನೇನು ಬೇಕು?

ನಿಜವಾಗಿ ಮೋಸ ಹೋದದ್ದು ಗೊತ್ತಾದದ್ದು ಇದಾದ ಮೇಲೆ. ನೆಲ ಒರೆಸುತ್ತಿರುವಾಗಲೇ ಒಂದು ಕುಟುಂಬ ಗೇಟು ತೆರೆದು ಬಂತು. ಕೈಯಲ್ಲಿ ಅಳತೆ ಟೇಪ್. ಅಡುಗೆಕೋಣೆಯ ಗೋಡೆ ಅಳೆಯಬೇಕಂತೆ. "ನೀವು ಯಾರು?" ಎಂದು ಅವರೇ ನಮ್ಮನ್ನು ಕೇಳಿದರು. "ಟೋಕನ್ 50,000 ಕೊಟ್ಟಾಗಿದೆಯಲ್ಲ, ಓನರ್ ಒಪ್ಪಿದ್ದಾರೆ ಅಂತ ಹೇಳಿದ್ರು. 97 ಲಕ್ಷಕ್ಕೆ."

97 ಲಕ್ಷ. ನಾವು ಹೇಳಿದ್ದು 85. ಮನೆಯ ಒಡತಿಗೆ ಟೋಕನ್ ಬಂದ ಸುದ್ದಿಯೂ ಇಲ್ಲ, ಬೆಲೆಯ ಸುದ್ದಿಯೂ ಇಲ್ಲ. ಆ ಮನುಷ್ಯ ಒಳ್ಳೆಯವರು, ಅವರ ಮುಖ ನೋಡಿ ನಮಗೆ ತಲೆ ತಗ್ಗಿಸುವ ಹಾಗಾಯಿತು. ಚಿಕ್ಕಮ್ಮನೇ ಸೇರಿ ಮಾಡಿದ್ದು ಎಂದು ಅವರು ತಿಳಿದುಕೊಂಡಿದ್ದರೆ ತಪ್ಪು ಹೇಳುವ ಹಾಗಿಲ್ಲ. ಅವರ ಎದುರೇ ಸ್ಪೀಕರ್ ಹಾಕಿ ಫೋನ್ ಮಾಡಿದೆ. ಬ್ರೋಕರ್ ಹೇಳಿದ್ದು: "ನಿಮಗೆ ನಿಮ್ಮ 85 ಬರ್ತದಲ್ಲ ಅಕ್ಕ? ಮೇಲಿನದ್ದು ನಮ್ಮ ಕಷ್ಟಕ್ಕೆ. ಎಲ್ಲ ಕಡೆ ಹಾಗೇ ಮಾಡುದು."

ಹಾಗಾದರೆ ಆ 2 ಪರ್ಸೆಂಟ್, 1,70,000 ರೂಪಾಯಿ ಎಂತಕ್ಕೆ? ಎರಡು ಕಡೆಯಿಂದ ಕಮಿಷನ್, ನಡುವೆ 12 ಲಕ್ಷ. "ಅದು ಬೇರೆ, ಇದು ಬೇರೆ" ಎಂದು ಹೇಳಿ ಕಟ್ ಮಾಡಿದರು.

ಎಲ್ಲ ಕಡೆ ಮಾಡುವುದಾದರೂ ಅದು ಸರಿಯಾಗುವುದಿಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ ಏಜೆಂಟ್ ಆದವನು ಕೇಳಿದಾಗ ಲೆಕ್ಕ ಕೊಡಬೇಕು. ಯಜಮಾನನಿಗೆ ಗೊತ್ತಾಗದ ಹಾಗೆ ತನ್ನ ಲಾಭಕ್ಕೆ ವ್ಯವಹಾರ ಮಾಡಿದರೆ ಆ ಲಾಭವನ್ನು ಯಜಮಾನ ಕೇಳಬಹುದು. ಇನ್ನು ಟೋಕನ್. ಮನೆ–ಜಾಗದ ಮುಂಗಡ 20,000 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನಗದಾಗಿ ತೆಗೆದುಕೊಳ್ಳುವ ಹಾಗಿಲ್ಲ, ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಈ 50,000 ನಗದಿಗೆ ರಶೀದಿಯೂ ಇರಲಿಲ್ಲ. ರೇರಾಕ್ಕೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ದೂರು ಕೊಡಿ ಎಂದು ತುಂಬ ಜನ ಹೇಳಿದರು. ರೇರಾದಲ್ಲಿ ಏಜೆಂಟ್ ನೋಂದಣಿ ಕಡ್ಡಾಯ ಇರುವುದು ಅಲ್ಲಿ ನೋಂದಣಿಯಾದ ಹೊಸ ಪ್ರಾಜೆಕ್ಟುಗಳ ಸೈಟು, ಫ್ಲಾಟು ಮಾರುವವರಿಗೆ. ಚಿಕ್ಕಮ್ಮನ ಮನೆಯಂತಹ ಹಳೆ ಮನೆಯ ಮಾರಾಟ ಅದರೊಳಗೆ ಬರುವುದಿಲ್ಲ. ಅದಕ್ಕೇ ಇವರಿಗೆ ಇಷ್ಟು ಧೈರ್ಯ. ಪೊಲೀಸ್ ದೂರು ಬರೆದು ವಾಟ್ಸಾಪ್‌ನಲ್ಲಿ ಅದರ ಫೋಟೋ ಕಳಿಸಿದ ಮೇಲೆಯೇ ಆ ಕುಟುಂಬಕ್ಕೆ ಟೋಕನ್ ವಾಪಸ್ ಆದದ್ದು. ಕಿಟಕಿ, ಮಂಚದ ಖರ್ಚಿಗೆ ಒಂದು ರೂಪಾಯಿಯೂ ಬಂದಿಲ್ಲ. "ಮಳೆ ಬಂದ್ರೆ ನಾವು ಎಂತ ಮಾಡ್ಲಿಕ್ಕಾಗ್ತದೆ?" ಅದು ಕೊನೆಯ ಉತ್ತರ.

ಹಾಗಾಗಿ ಕೀ ಕೊಡಬೇಡಿ. ಊರಲ್ಲಿಲ್ಲದಿದ್ದರೆ ನಂಬುವ ನೆರೆಯವರ ಹತ್ತಿರ ಇಡಿ, ಬ್ರೋಕರ್ ಅಲ್ಲಿಂದ ತೆಗೆದುಕೊಂಡು ಅಲ್ಲಿಗೇ ಕೊಡಲಿ, ಬಂದವರ ಹೆಸರು, ನಂಬರ್ ಬರೆದಿಡಲಿ. ಹೊರಡುವ ಮುಂಚೆ ಮೇನ್ ಸ್ವಿಚ್, ಪಡುಬದಿಯ ಕಿಟಕಿ, ನಳ್ಳಿ, ಬಾವಿಯ ನೆಟ್, ಹಿಂಬಾಗಿಲು ಇಷ್ಟರ ವಿಡಿಯೋ ನಿಮಗೆ ಕಳಿಸಲಿ, ಎರಡು ನಿಮಿಷದ ಕೆಲಸ. ಅದಕ್ಕೂ ಪುರುಸೊತ್ತಿಲ್ಲದವರಿಗೆ ಲಕ್ಷಗಟ್ಟಲೆ ಕಮಿಷನ್ ಯಾಕೆ? ಬೆಲೆ, ಕಮಿಷನ್, "ಟೋಕನ್ ಓನರ್ ಖಾತೆಗೆ ಮಾತ್ರ" ಎಂಬ ಮೂರನ್ನೂ ಮೆಸೇಜಿನಲ್ಲಾದರೂ ಬರೆಸಿ ಒಪ್ಪಿಸಿಕೊಳ್ಳಿ. ಮೂಲ ಕ್ರಯಪತ್ರವನ್ನು "ವಕೀಲರಿಗೆ ತೋರಿಸ್ಲಿಕ್ಕೆ" ಎಂದು ಕೇಳಿದರೆ ಕೊಡಲೇಬೇಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ಸಿಗುತ್ತದೆ, ಮೊದಲ ಪರಿಶೀಲನೆಗೆ ಅದು ಸಾಕು. ಮನೆ ಕೊಳ್ಳುವವರು ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ಮಾಲೀಕರ ಹೆಸರು ನೋಡಿಕೊಂಡು, ಅವರ ಜೊತೆ ನೇರ ಒಮ್ಮೆ ಮಾತಾಡದೆ ಐದು ಪೈಸೆ ಬಿಚ್ಚಬೇಡಿ. "ಓನರ್ ಫೋನಿಗೆ ಸಿಗುದಿಲ್ಲ" ಎಂದರೆ ಅಲ್ಲಿಂದಲೇ ಎದ್ದು ಬನ್ನಿ.

ಚಿಕ್ಕಮ್ಮನ ಮನೆಯ ಬೀಗ ಬದಲಾಯಿಸಿ ಆಗಿದೆ. ಫೋಟೋಗಳು ಮಾತ್ರ ಇನ್ನೂ ಗ್ರೂಪುಗಳಲ್ಲಿ ತಿರುಗುತ್ತಾ ಉಂಟು. ಶಕ್ತಿನಗರ, 8 ಸೆಂಟ್ಸ್, ಹಂಚಿನ ಮನೆ, 97 ಲಕ್ಷ ಎಂದು ನಿಮಗೆ ಬಂದರೆ ತಿಳಿದಿರಲಿ: ಆ ಮನೆಯನ್ನು ತೋರಿಸಲಿಕ್ಕೆ ಈಗ ಯಾವ ಬ್ರೋಕರಿಗೂ ಒಪ್ಪಿಗೆ ಇಲ್ಲ. ಯಾರಿಗೂ ಟೋಕನ್ ಕೊಡಬೇಡಿ.